ಬಡಗಿ ಕೇಳಿದ ಮೂರು ಪ್ರಶ್ನೆ

ಉಳಿ ಹಿಡಿದರೆ ಬಡಗಿಯ ಕೈ ನಡುಗುತ್ತಿತ್ತು. ಹೊಟ್ಟೆಯಲ್ಲಿ ನೀರು ತುಂಬಿತ್ತು, ಊದಿದ ಕಾಲಿಗೆ ಚಪ್ಪಲಿ ಹಿಡಿಸುತ್ತಿರಲಿಲ್ಲ. ನೋಡಿದವರೆಲ್ಲ "ಕುಡಿಯೋದು ಬಿಡಪ್ಪ" ಎನ್ನುವವರೇ. ಹೆಂಡದ ವಾಸನೆಗೇ ಮೂಗು ಮುಚ್ಚಿಕೊಳ್ಳುವ ಆಸಾಮಿ ಅವನು! ಹೆಪಟೈಟಿಸ್ ಬಿ ವೈರಸ್ ಸದ್ದಿಲ್ಲದೆ ರಕ್ತ ಸೇರಿ, ಅವನ ಲಿವರನ್ನು ಗಟ್ಟಿಯಾಗಿಸಿತ್ತು. ಎಂಟು ತಿಂಗಳು ಮಾತ್ರೆ ನುಂಗಿ, ಉಪ್ಪಿಲ್ಲದ ಊಟ ಉಂಡು ಅವನಿಗೆ ಸಾಕುಸಾಕಾಗಿತ್ತು.

ಒಂದು ಬೆಳಿಗ್ಗೆ ಅವನ ಹೆಂಡತಿಯ ತಮ್ಮ ಮೊಬೈಲ್ ಹಿಡಿದು ಓಡಿ ಬಂದ.

"ಭಾವ, ಸ್ಟೆಮ್ ಸೆಲ್ ಅಂತೆ! ಒಂದೇ ಇಂಜೆಕ್ಷನ್, ಲಿವರ್ ಹೊಸದಾಗುತ್ತಂತೆ. ದೂರದ ಸಿಟಿಯ ಕ್ಲಿನಿಕ್‌ನವರು ಹಳೇ ಮಾತ್ರೆ ನಿಲ್ಲಿಸಿ ಬನ್ನಿ ಅಂದಿದ್ದಾರೆ."

ಬಡಗಿ ಅಂದೇ ಬಟ್ಟೆ ಜೋಡಿಸತೊಡಗಿದ. ಹೆಂಡತಿಗೆ ಯಾಕೋ ಅಳುಕು. ಪಕ್ಕದ ಮನೆಯ ನರ್ಸಮ್ಮನನ್ನು ಕರೆತಂದಳು.

"ಸ್ಟೆಮ್ ಸೆಲ್ ಅನ್ನೋದು ಸುಳ್ಳಲ್ಲ ಅಣ್ಣ," ಎಂದಳು ನರ್ಸಮ್ಮ. "ಬೇರೆ ಬೇರೆ ಜೀವಕೋಶಗಳಾಗಿ ಬೆಳೆಯೋ ಮೂಲ ಕೋಶ ಅದು. ಲಿವರ್ ಕಾಯಿಲೆಗೆ ಉಪಯೋಗ ಆಗುತ್ತಾ ಅಂತ ಸಂಶೋಧನೆ ನಡೀತಿದೆ. ಆದ್ರೆ ವಾಸಿ ಮಾಡುತ್ತೆ ಅಂತ ಇನ್ನೂ ಸಾಬೀತಾಗಿಲ್ಲ."

"ನಿನಗೇನಮ್ಮ, ಹೇಳೋದು ಸುಲಭ. ಈ ಹೊಟ್ಟೆ ಹೊತ್ಕೊಂಡು ತಿರುಗೋನು ನಾನು."

ನರ್ಸಮ್ಮ ವಾದಕ್ಕಿಳಿಯಲಿಲ್ಲ. "ಹೌದು, ನೀನೇ. ಅದಕ್ಕೇ ನೀನೇ ಫೋನ್ ಮಾಡಿ ಕೇಳು. ಇದು ಸರ್ಕಾರದಲ್ಲಿ ನೋಂದಣಿ ಆಗಿ, ರೋಗಿಗಳ ಹಿತ ಕಾಯೋ ನೈತಿಕ ಸಮಿತಿ ಒಪ್ಪಿದ ಸಂಶೋಧನೆನಾ? ನನ್ನಂಥ ಎಷ್ಟು ರೋಗಿಗಳಿಗೆ ಕೊಟ್ಟಿದ್ದೀರಿ, ಅವರ ವರದಿ ಎಲ್ಲಿದೆ? ಆಮೇಲೆ ತೊಂದರೆಯಾದ್ರೆ ನೋಡ್ಕೊಳ್ಳೋ ಲಿವರ್ ಡಾಕ್ಟರ್ ಯಾರು?"

ಬಡಗಿ ಅಲ್ಲೇ ಆ ಕ್ಲಿನಿಕ್‌ಗೆ ಫೋನ್ ಹಚ್ಚಿದ. ಮೊದಲ ಪ್ರಶ್ನೆಗೆ ಆ ಕಡೆಯವನು, "ಇವತ್ತೇ ಹೆಸರು ಬರೆಸಿ, ಜಾಗ ಭರ್ತಿಯಾಗ್ತಿದೆ" ಎಂದ. ಎರಡನೆಯದಕ್ಕೆ, "ಎಲ್ಲರೂ ಖುಷಿಯಾಗಿದ್ದಾರೆ ಸರ್" ಎಂದ.

"ಖುಷಿ ಇರ್ಲಿ ಸ್ವಾಮಿ, ಅವರ ಲಿವರ್ ಹೇಗಿದೆ?"

ಆ ಕಡೆಯವನು ಮತ್ತೆ ಹೆಸರು ಬರೆಸಿ ಎಂದ. ಮೂರನೆಯ ಪ್ರಶ್ನೆ ಮುಗಿಯುವ ಮೊದಲೇ ಫೋನ್ ಕಟ್ಟಾಯಿತು.

ಬಡಗಿ ಜೋಡಿಸಿದ್ದ ಬಟ್ಟೆಯನ್ನು ಬದಿಗೆ ಸರಿಸಿದ. "ಭಯ ಕಣಮ್ಮ," ಎಂದ ನರ್ಸಮ್ಮನಿಗೆ. "ಯಾರಾದ್ರೂ ವಾಸಿ ಆಗುತ್ತೆ ಅಂದ್ರೆ ಸಾಕಾಗಿತ್ತು."

ಮರುದಿನ ನರ್ಸಮ್ಮನೇ ಅವನನ್ನು ಲಿವರ್ ತಜ್ಞೆಯ ಬಳಿಗೆ ಕರೆದೊಯ್ದಳು. ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿದರೆ, ಲಿವರ್ ಗಟ್ಟಿಯಾಗಿದ್ದರಿಂದ ಅನ್ನನಾಳದ ರಕ್ತನಾಳಗಳು ಉಬ್ಬಿ ಒಡೆಯುವಂತಿದ್ದವು. ಅವು ಒಡೆಯದಂತೆ ಡಾಕ್ಟರು ಅಂದೇ ಪುಟ್ಟ ರಬ್ಬರ್ ಬ್ಯಾಂಡ್ ಬಿಗಿದರು.

"ಆ ಕ್ಲಿನಿಕ್‌ಗೆ ಹೋಗೋ ದಾರಿಯಲ್ಲಿ ಇದು ಒಡೆದಿದ್ರೆ ಕಷ್ಟ ಇತ್ತು. ಮಾತ್ರೆ ನೀವಾಗೇ ನಿಲ್ಲಿಸಿದ್ರಂತೂ ವೈರಸ್ ಮತ್ತೆ ತಲೆ ಎತ್ತುತ್ತೆ," ಎಂದರು. "ನಿಮಗೆ ಲಿವರ್ ಕಸಿ ಮಾಡಬಹುದಾ ಅಂತ ಪರೀಕ್ಷೆ ಶುರು ಮಾಡೋಣ. ಸ್ಟೆಮ್ ಸೆಲ್ ಸಂಶೋಧನೆ ಯಾವುದಾದ್ರೂ ನಿಮಗೆ ಹೊಂದಿದ್ರೆ ನಾನೇ ಹೇಳ್ತೀನಿ."

ವೈರಸ್ ಮನೆಯವರಿಗೂ ತಗುಲಿರಬಹುದೆಂದು ಹೆಂಡತಿ, ಮಗಳು, ಭಾವಮೈದುನ ಮೂವರೂ ರಕ್ತಪರೀಕ್ಷೆ ಮಾಡಿಸಿದರು. ಯಾರಿಗೂ ಸೋಂಕಿರಲಿಲ್ಲ, ಲಸಿಕೆ ಹಾಕಿಸಿಕೊಂಡರು. ಬಡಗಿಗೆ ಕಾಯಿಲೆ ವಾಸಿಯಾಗಿಲ್ಲ. ಆದರೆ ಕಾಲಿನ ಊತ ಇಳಿದಿದೆ. ಮೊನ್ನೆ ಮಗಳ ಮೇಜಿಗೆ ಒಂದು ಕಾಲು ಕೂರಿಸಿದ.

ನಿಮ್ಮ ಮನೆಯಲ್ಲೂ ಲಿವರ್ ಕಾಯಿಲೆಯವರು ಇದ್ದಾರೆಯೇ? ಹೊಸ ಚಿಕಿತ್ಸೆಯ ಬಗ್ಗೆ ಆಸೆ ಇರಲಿ, ತಪ್ಪಲ್ಲ. ಆದರೆ ಸೂಜಿಗೆ ಕೈ ಒಡ್ಡುವ ಮೊದಲು ಈ ಮೂರು ಪ್ರಶ್ನೆ ಕೇಳಿ. ಉತ್ತರವನ್ನು ನಿಮ್ಮ ಡಾಕ್ಟರಿಗೆ ತಿಳಿಸಿ. ಅವರು ಹೇಳದೆ ಒಂದು ಮಾತ್ರೆಯನ್ನೂ ಬಿಡಬೇಡಿ.