ಪ್ರಭಾ ಮಲಗಿದ್ದಾಳೆ

ಸುಕೃತಿ ಮಹದೇವಪುರದ ಆಫೀಸಿನಲ್ಲಿ ಕೂತು ನೋಡಿಕೊಳ್ಳುತ್ತಿದ್ದದ್ದು ಫ್ರಾನ್ಸಿನ ಕಾಲುವೆಗಳಲ್ಲಿ ಓಡಾಡುವ ಬಾಡಿಗೆ ದೋಣಿಗಳನ್ನು. ಅಡುಗೆಮನೆ, ಹಾಸಿಗೆ ಎಲ್ಲ ಇರುವ ದೋಣಿ. ಹಿಡಿದವರು ತಾವೇ ನಡೆಸಿಕೊಂಡು ಹೋಗಬೇಕು. ಏನಾದರೂ ತೊಂದರೆಯಾದರೆ ಅವರ ಫೋನು ಇವಳಿಗೆ ಬರುತ್ತಿತ್ತು. ಅವಳು ಆ ನೀರನ್ನು ಕಂಡವಳಲ್ಲ. ಪರದೆಯ ಮೇಲೊಂದು ನೀಲಿ ಗೆರೆ, ಅದರ ಮೇಲೆ ತೆವಳುವ ಹಸಿರು ಚುಕ್ಕೆಗಳು, ಅಷ್ಟೇ.

ಏಪ್ರಿಲ್‌ನಲ್ಲಿ ಜಯಸಿಂಹ ಅನ್ನುವವರ ಫೋನು ಬಂತು. ಪೀಣ್ಯದ ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾದವರು. ಹೆಂಡತಿ ಪ್ರಭಾ ಜೊತೆ ದೋಣಿ ಹಿಡಿದು ಹೊರಟಿದ್ದರು. ಇವಳ ಹೆಸರು ಕೇಳಿದ್ದೇ ಕನ್ನಡಕ್ಕೆ ತಿರುಗಿಕೊಂಡರು. ತಮ್ಮ ಮನೆ ಸಿಂಗಸಂದ್ರದಲ್ಲಿ ಅಂದರು. ಗ್ಯಾಸ್ ಹಚ್ಚುವುದು ಹೇಗೆ ಅಂತ ಶುರುವಾದ ಮಾತು ದಿನಾ ಬೆಳೆಯಿತು: ಸೇಬಿನ ಹೂವು, ದಡದಲ್ಲಿ ಮೇಯುವ ಬಿಳಿ ದನ, ನಡೆದು ಹೋಗುವವರೂ ದೋಣಿಯನ್ನು ಹಿಂದೆ ಹಾಕುವುದು. ಪ್ರಭಾ ಹಿಂದಿನಿಂದ ಕೂಗಿ ಗಂಡನ ಮಾತು ತಿದ್ದುತ್ತಿದ್ದರು.

ಒಂದು ದಿನ ಆ ದನಿ ಕೇಳಲಿಲ್ಲ. ಮಲಗಿದ್ದಾಳೆ ಅಂದರು ಜಯಸಿಂಹ. ಮರುದಿನವೂ ಮಲಗಿದ್ದರು. ದೋಣಿಯನ್ನು ದಡಕ್ಕೆ ಕಟ್ಟುವಾಗ ಕಬ್ಬಿಣದ ಗೂಟ ಪಾದಕ್ಕೆ ತಗುಲಿದೆ, ಸ್ವಲ್ಪ ಊತ, ಅಷ್ಟೇ ಅಂತೆ. ಅವರಿಗೆ ಸಕ್ಕರೆ ಕಾಯಿಲೆ ಇದೆಯಾ ಅಂತ ಸುಕೃತಿ ಕೇಳಿದಳು. ಜಯಸಿಂಹ ಮತ್ತೆ ಹೂವಿನ ಮಾತೆತ್ತಿದರು.

ಅದರ ಮರುದಿನ ಅವರ ದೋಣಿಯ ಚುಕ್ಕೆ ಕಾಡಿನ ನಡುವೆ, ಊರೇ ಇಲ್ಲದ ಕಡೆ ನಿಂತುಬಿಟ್ಟಿತು. ಟೀಮ್ ಲೀಡ್ ವಿನಾಯಕ್‌ಗೆ ಹೇಳಿದರೆ, ಅವರು ಕೇಳದೆ ನಾವು ತಲೆ ಹಾಕುವ ಹಾಗಿಲ್ಲ ಅಂದ. ಅವಳು ಬಿಡದೆ ಫೋನು ಮಾಡಿದಳು. ಕೊನೆಗೂ ಎತ್ತಿದ ಜಯಸಿಂಹರ ದನಿ ಪಿಸುಗುಟ್ಟಿದಂತಿತ್ತು. ಆಂಟಿಗೆ ಕೊಡಿ ಅಂತ ಹಟ ಹಿಡಿದಳು.

“ಮನೆಯೊಳಗೆಲ್ಲ ನೀರು ಬರ್ತಿದೆ,” ಪ್ರಭಾ ತೊದಲಿದರು. “ಬಾಗ್ಲು ಹಾಕಮ್ಮಾ.”

ಜ್ವರ ನೆತ್ತಿಗೇರಿದೆ ಅಂತ ಸುಕೃತಿಗೆ ಅರ್ಥವಾಯಿತು. ಫೋನು ಮತ್ತೆ ಜಯಸಿಂಹರ ಕೈಗೆ ಹೋಗಿತ್ತು.

“ಯಾರನ್ನೂ ಕಳಿಸ್ಬೇಡಿ. ಭಾಷೆ ಗೊತ್ತಿಲ್ಲದ ಊರು. ಇವಳನ್ನ ಕರ್ಕೊಂಡು ಹೋದ್ರೆ ವಾಪಸ್ ಕೊಡಲ್ಲ.”

“ಕಳಿಸ್ತೀನಿ ಸಾರ್,” ಅಂದಳು ಅವಳು.

ಅವಳು ಅಲ್ಲಿನ ಆಂಬುಲೆನ್ಸಿಗೆ ಜಾಗ ತಿಳಿಸುತ್ತಿರುವಾಗಲೇ ಚುಕ್ಕೆ ಅಲುಗಿತು. ಜಯಸಿಂಹ ಹೆಂಡತಿಯನ್ನು ಹಾಕಿಕೊಂಡು ಓಡಿಹೋಗುತ್ತಿದ್ದರು, ಅದೂ ನಡಿಗೆಯ ವೇಗದಲ್ಲಿ. ಮುಂದೆ ನೀರು ಏರಿಸಿ ಇಳಿಸಿ ದೋಣಿ ದಾಟಿಸುವ ಗೇಟಿತ್ತು. ಅದರ ಕಾವಲಿನ ಹೆಂಗಸಿಗೆ ಫೋನು ಮಾಡಿ, ಗೇಟು ತೆರೆಯಬೇಡಿ ಅಂತ ಸುಕೃತಿ ಬೇಡಿಕೊಂಡಳು. ವಿನಾಯಕ್ ಹಿಂದೆ ಬಂದು ನಿಂತು ಪರದೆಯನ್ನೇ ನೋಡುತ್ತಿದ್ದ. ಚುಕ್ಕೆ ಗೇಟಿನ ಹತ್ತಿರ ಹೋಗಿ, ತಟ್ಟನೆ ನಿಂತಿತು.

ಆಂಬುಲೆನ್ಸ್ ಗೇಟಿನ ಹತ್ತಿರಕ್ಕೇ ಬಂತು. ಪ್ರಭಾ ಬದುಕಿಕೊಂಡರು, ಆದರೆ ಪಾದ ತೆಗೆಯಬೇಕಾಯಿತು. ಜೂನ್‌ನಲ್ಲಿ ಅವರೇ ಕರೆ ಮಾಡಿ ಮನೆಗೆ ಬಾ ಅಂದಾಗ ಸುಕೃತಿ ಸಿಂಗಸಂದ್ರಕ್ಕೆ ಹೋದಳು. ಬಾಗಿಲು ತೆರೆದ ಜಯಸಿಂಹ ಹೆಸರು ಕೇಳಿ, ಕಾಫಿ ಮಾಡ್ತೀನಿ ಅಂತ ಒಳಗೆ ಹೋದರು. ಗಾಲಿಕುರ್ಚಿಯಲ್ಲಿದ್ದ ಪ್ರಭಾ ಅವಳನ್ನು ಹತ್ತಿರ ಕೂರಿಸಿಕೊಂಡರು. ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

“ಗೇಟು ಮುಚ್ಚಿದ್ದು ಕಂಡು ಅವರು ಇಂಜಿನ್ ಜೋರು ಮಾಡಿದ್ರು ಕಣಮ್ಮಾ. ನೇರ ಗೇಟಿಗೇ ಗುರಿ. ಆ ಸದ್ದಿಗೆ ನನಗೆ ಎಚ್ಚರ ಆಯ್ತು, ತೆವಳ್ಕೊಂಡು ಹೋಗಿ ಕೀಲಿ ಕಿತ್ಕೊಂಡೆ.”

ಯಾರಿಗಾದರೂ ಹೇಳಿದ್ದೀರಾ ಅಂತ ಸುಕೃತಿ ಕೇಳಿದಳು. ಇಲ್ಲ, ಗಂಡನಿಗೆ ಅದು ನೆನಪೇ ಇಲ್ಲವಂತೆ, ತಾನೂ ಕೇಳುವುದಿಲ್ಲ ಅಂದರು ಪ್ರಭಾ.

ಜಯಸಿಂಹ ಲೋಟ ತಂದಿಟ್ಟು, ಸಕ್ಕರೆ ಸಾಕಾ ನೋಡಮ್ಮ ಅಂದರು. ನಗುಮುಖ, ಸ್ವಲ್ಪವೂ ನಡುಗದ ಕೈ. ಬರುವ ವಸಂತಕ್ಕೆ ಮತ್ತೆ ದೋಣಿ ಹಿಡಿಯುವ ಯೋಚನೆ ಇದೆ, ಈ ಸಲ ಇನ್ನೂ ಉದ್ದದ ದಾರಿ ಅಂದರು. ಪ್ರಭಾ ತಲೆಯೆತ್ತಲಿಲ್ಲ.