ಸಾಹೇಬನ ಮೈಮೇಲಿನ ಬಿಳಿ ಚುಕ್ಕೆ

ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಗತ್ತು ಇದ್ದದ್ದು ಒಂದು ಮೀನಿಗೆ. ಸಮುದ್ರದ ಏಂಜೆಲ್ ಮೀನು; ನೀಲಿ ಮೈ, ಉದ್ದಕ್ಕೂ ಹಳದಿ ಗೆರೆ. ಹಜಾರದ ಉಪ್ಪುನೀರಿನ ತೊಟ್ಟಿಯಲ್ಲಿ ಒಂದೊಂದು ಕಲ್ಲಿನ ಸಂದಿಯನ್ನೂ ತಪಾಸಣೆ ಮಾಡುತ್ತ ಓಡಾಡುವ ಅದರ ಠೀವಿ ನೋಡಿ ಮಾವ ಅದಕ್ಕೆ ಸಾಹೇಬ ಎಂದು ಹೆಸರಿಟ್ಟಿದ್ದರು. "ನಮ್ಮ ಬಂದರಿನ ಇನ್‌ಸ್ಪೆಕ್ಟರೂ ಹೀಗೇ. ಏನೂ ಮಾಡ್ತಿರಲಿಲ್ಲ, ಎಲ್ಲಾ ನೋಡ್ತಿದ್ದ."

ತೊಟ್ಟಿ ಸೊಸೆಯದು. ಅವಳು ಟೈಲರ್, ಹಿಂದಿನ ಕೋಣೆಯಲ್ಲೇ ಹೊಲಿಗೆ. ಮಾವ ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು. ಅತ್ತೆ ತೀರಿಕೊಂಡ ಮೇಲೆ ಮಗನ ಮನೆಗೆ ಬಂದು, ಮಾತು ಬಿಟ್ಟು, ಗೋಡೆ ನೋಡುತ್ತ ಕೂತಿದ್ದವರನ್ನು ತೊಟ್ಟಿಯ ಕಡೆ ತಿರುಗಿಸಿದ್ದು ಅವಳೇ. "ನೀರು ಆವಿಯಾಗುತ್ತೆ ಮಾವ, ಉಪ್ಪು ಅಲ್ಲೇ ಉಳಿಯುತ್ತೆ. ಕಡಿಮೆಯಾದಷ್ಟು ಬರೀ ಸಿಹಿನೀರು ಹಾಕಿ." ಅಂದಿನಿಂದ ಆ ಕೆಲಸ ಅವರದೇ. ಮನೆಗೆ ಬಂದವರೆದುರು ಬೀಗುತ್ತಿದ್ದರು: "ಜೀವಮಾನವೆಲ್ಲ ಕ್ರೇನ್ ನಡೆಸಿದೀನಿ, ಒಂದು ಪೆಟ್ಟಿಗೆ ಬೀಳಿಸಿಲ್ಲ ಈ ಕೈ."

ಶಾಲೆಗಳು ತೆರೆಯುವ ಸಮಯ. ಸಮವಸ್ತ್ರದ ಹೊಲಿಗೆಯಲ್ಲಿ ಅವಳಿಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ. ಆದರೂ ಮೀನಿನಂಗಡಿಯಲ್ಲಿ ಒಂದು ಪುಟ್ಟ ಹಳದಿ ಮೀನು ಕಂಡು ಮನಸ್ಸು ತಡೆಯಲಿಲ್ಲ. "ಕೆಲವು ವಾರ ಬೇರೆ ಇಡಿ, ಆಮೇಲೆ ಬಿಡಿ," ಎಂದ ಅಂಗಡಿಯವನು. ಅದು ಅವಳಿಗೂ ಗೊತ್ತಿದ್ದ ಮಾತೇ. ಆದರೆ ಬೇರೆ ಇಡಬೇಕಾದ ಸಣ್ಣ ತೊಟ್ಟಿಯ ತುಂಬ ಬಟ್ಟೆಯ ತುಂಡುಗಳು. ಯಾರು ಖಾಲಿ ಮಾಡಿ, ತೊಳೆದು, ನೀರು ಹದ ಮಾಡುವುದು? ಹಳದಿ ಮೀನನ್ನು ಅವತ್ತೇ ದೊಡ್ಡ ತೊಟ್ಟಿಗೆ ಬಿಟ್ಟಳು.

ಒಂದೆರಡು ವಾರದಲ್ಲಿ ಸಾಹೇಬನ ಮೈಮೇಲೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆ. ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತಿತ್ತು, ಆಹಾರ ಹಾಕಿದರೆ ಮುಖ ತಿರುಗಿಸುತ್ತಿತ್ತು.

ಮಾವ ಬೆವತುಹೋದರು. "ಸಿಹಿನೀರಿನದು, ಉಪ್ಪುನೀರಿನದು, ಎರಡು ಕ್ಯಾನೂ ಒಂದೇ ಥರ ಇವೆ. ಸಿಹಿನೀರು ಅಂತ ನಾನು ಉಪ್ಪುನೀರು ಸುರಿದುಬಿಟ್ಟೆನೋ ಏನೋ."

"ಕಣ್ಣು ಸರಿಯಾಗಿ ಕಾಣಲ್ಲ, ನಿಮಗ್ಯಾಕಪ್ಪಾ ಈ ಉಸಾಬರಿ?" ಎಂದು ಮಗ ರೇಗಿದ.

ಅವಳು ಬಾಗಿಲಲ್ಲೇ ನಿಂತಿದ್ದಳು. ಆಗಲೇ ನೀರು ಪರೀಕ್ಷಿಸಿ ನೋಡಿದ್ದಳು. ಉಪ್ಪು ಇರಬೇಕಾದಷ್ಟೇ ಇತ್ತು. ರೋಗ ಬಂದದ್ದು ಹಳದಿ ಮೀನಿನ ಜೊತೆ. ಮಾತು ಬಾಯಿತನಕ ಬಂತು. 'ಸೀದಾ ಬಿಟ್ಟುಬಿಟ್ಟೆಯಾ?' ಎಂದು ಗಂಡ ಕೇಳುವುದು ಕಿವಿಯಲ್ಲೇ ಕೇಳಿಸಿತು. ಬಟ್ಟೆ ಕತ್ತರಿಸುವುದಿದೆ ಎಂದು ಒಳಗೆ ಹೋದಳು.

ಸಣ್ಣ ತೊಟ್ಟಿ ಖಾಲಿ ಮಾಡಿ ತೊಳೆದು, ಎರಡೂ ಮೀನನ್ನು ಅದಕ್ಕೆ ಹಾಕಿ ಔಷಧ ಶುರುಮಾಡಿದಳು. ಹಳದಿ ಮೀನು ಸತ್ತಿತು. ಮಾವ ಹಜಾರಕ್ಕೆ ಬರುವುದನ್ನೇ ಬಿಟ್ಟರು. ಒಂದು ಬೆಳಿಗ್ಗೆ ಅವಳು ಚಹಾ ಕೊಟ್ಟರೆ ಲೋಟವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು. "ಇನ್ಮೇಲೆ ಅರ್ಧ ಲೋಟ ಕೊಡಮ್ಮ. ಈ ಕೈ ನಂಬೋ ಹಾಗಿಲ್ಲ."

ಅವಳು ಅಲ್ಲೇ ನೆಲದ ಮೇಲೆ ಕುಳಿತಳು.

"ಮಾವ, ತಪ್ಪು ನಿಮ್ಮದಲ್ಲ. ನೀರು ಸರಿಯಾಗೇ ಇತ್ತು. ಹೊಸ ಮೀನನ್ನ ಬೇರೆ ಇಡದೆ ಬಿಟ್ಟವಳು ನಾನು."

"ಯಾವಾಗ ಗೊತ್ತಾಯ್ತು?"

"ಅವತ್ತೇ."

ಅವರು ಲೋಟ ಕೆಳಗಿಟ್ಟರು. "ಅವನು ನನ್ನ ಬೈತಿದ್ದಾಗ ನೀನು ಅಲ್ಲೇ ಇದ್ದೆ."

"ಇದ್ದೆ."

"ನನ್ನ ಕೈಯನ್ನ ನಾನೇ ನಂಬದ ಹಾಗೆ ಮಾಡಿಬಿಟ್ಟೆಯಲ್ಲಮ್ಮ." ದನಿ ಏರಲಿಲ್ಲ. ಏರಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. "ಅವನಿಗೂ ಹೇಳು. ನನ್ನೆದುರಿಗೇ."

ಊಟಕ್ಕೆ ಕೂತಾಗ ಹೇಳಿದಳು. ಗಂಡ ಅವಳನ್ನು ಒಂದು ಮಾತೂ ಬೈಯಲಿಲ್ಲ. ತಟ್ಟೆ ನೋಡುತ್ತ, "ಅಪ್ಪಾ, ನಾನು ಹಾಗೆ ಅನ್ನಬಾರದಿತ್ತು," ಎಂದ.

ಸಾಹೇಬ ಬದುಕಿತು. ರೋಗ ಸಾಯಲೆಂದು ವಾರಗಟ್ಟಲೆ ಮೀನಿಲ್ಲದೆ ಬಿಟ್ಟಿದ್ದ ದೊಡ್ಡ ತೊಟ್ಟಿಗೆ ಅದು ಮರಳಿದ ದಿನ ಮಾವ ಹಜಾರಕ್ಕೆ ಬಂದು ಕೂತರು, ನಕ್ಕರು ಕೂಡ. ಈಗ ನೀರೂ ಹಾಕುತ್ತಾರೆ, ಸೊಸೆಯ ಜೊತೆ ಮಾತೂ ಆಡುತ್ತಾರೆ. ಆದರೆ ಮೀನಿನ ವಿಷಯದಲ್ಲಿ ಏನು ಕೇಳುವುದಿದ್ದರೂ ಮಗ ಕೆಲಸದಿಂದ ಬರುವವರೆಗೆ ಕಾಯುತ್ತಾರೆ. ಅವನಿಗೋ ಮೀನಿನ ತಲೆಬುಡ ಗೊತ್ತಿಲ್ಲ. ಅವನು ಅವಳನ್ನು ಕೇಳುತ್ತಾನೆ, ಅವಳು ಹೇಳುತ್ತಾಳೆ, ಅವನು ಅಪ್ಪನಿಗೆ ಹೇಳುತ್ತಾನೆ.