ಬಾಗಿಲು ನೋಡಿ ಮಾತಾಡುವವರು

ಬಾಯಿ ತೆರೆಯುವ ಮುನ್ನ ದೊಡ್ಡಪ್ಪ ಒಮ್ಮೆ ಬಾಗಿಲ ಕಡೆ ನೋಡುತ್ತಿದ್ದರು. ಮನೆಯಲ್ಲಿ ಊಟಕ್ಕೆ ಕೂತು ಉಪ್ಪು ಕೇಳುವುದಕ್ಕೂ ಅವರ ದೃಷ್ಟಿ ಮೊದಲು ಹೊಸ್ತಿಲಿಗೆ ಹೋಗಿ, ಅಲ್ಲಿ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ ತಟ್ಟೆಗೆ ಮರಳುತ್ತಿತ್ತು. ದೊರೆಗಳ ಶಾಲೆಯಲ್ಲಿ ಅವರು ಮೇಷ್ಟ್ರು. ಕಡುಬೇಸಗೆಯಲ್ಲೂ ಕತ್ತಿನವರೆಗೆ ಗುಂಡಿ ಬಿಗಿದ ಉಣ್ಣೆಯ ಕರಿಕೋಟಿನೊಳಗೆ ಬೆವರುತ್ತ, ಹೆಜ್ಜೆಯ ಸಪ್ಪಳವೂ ಅಪರಾಧವೆಂಬಂತೆ ಗೋಡೆಯ ಮಗ್ಗುಲಲ್ಲೇ ನಡೆಯುವ ಆಸಾಮಿ. ಕೋಟು ಮೇಷ್ಟ್ರು ಎಂದು ನಾವು ಹಿಂದಿನಿಂದ ನಗುತ್ತಿದ್ದೆವು.

ಆ ಶಾಲೆಯಲ್ಲಿ ಮನೆಮಾತು ನಿಷಿದ್ಧ. ಆಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಮರದ ಬಿಲ್ಲೆ. ಮೇಷ್ಟ್ರೇ ಆಡಿದರೆ ಕೆಲಸಕ್ಕೆ ಸಂಚಕಾರ. ಇಂಗ್ಲಿಷಿನ ಅರ್ಥವನ್ನು ನಮಗೆ ಯಾರೂ ಹೇಳಲಿಲ್ಲ, ಹೇಳುವುದಕ್ಕೆ ಮನೆಮಾತು ಬೇಕಲ್ಲ! ಮೇಷ್ಟ್ರು ಅಂದದ್ದನ್ನು ಒಕ್ಕೊರಲಿನಿಂದ ಹಾಗೆಯೇ ಅನ್ನುವುದು, ಅದೇ ವಿದ್ಯೆ.

ತಪಾಸಣೆಯ ಸಾಹೇಬರು ಬಂದ ದಿನ ದೊಡ್ಡಪ್ಪ ಕೈಯಲ್ಲಿ ಸೀಮೆಸುಣ್ಣ ಹಿಡಿದೇ ಅವರನ್ನು ಎದುರುಗೊಳ್ಳಲು ತರಗತಿಯ ಹಿಂಬಾಗಿಲಿಗೆ ಓಡಿದರು. ನಾವೆಲ್ಲ ಎದ್ದು, ಕರಿಹಲಗೆಗೆ ಬೆನ್ನು ಹಾಕಿ, ಸಾಹೇಬರತ್ತ ತಿರುಗಿ ನಿಂತೆವು. ಆಗಲೇ ಹಲಗೆಯ ಮೂರು ಕಾಲಿನ ಆಸರೆ ಮೆಲ್ಲಗೆ ಜಾರತೊಡಗಿದ್ದು. ಅದರ ಬುಡದಲ್ಲಿ ಅವರ ಮಗಳು, ನನ್ನ ಅಕ್ಕ, ಕೈಕಟ್ಟಿ ನಿಂತಿದ್ದಳು. ದೊಡ್ಡಪ್ಪ ಕಂಡರು. ಬಾಯಿ ತೆರೆದರು. ಬಾಗಿಲ ಕಡೆ ನೋಡಿದರು. ಆಮೇಲೆ ಕೂಗಿದರು:

“ಮೂವ್ ಅಸೈಡ್!”

“ಮೂವ್ ಅಸೈಡ್!” ಎಂದಿತು ಇಡೀ ತರಗತಿ. ಅಕ್ಕನ ದನಿಯೇ ಎಲ್ಲರಿಗಿಂತ ಜೋರು. ಯಾರೂ ಅಲುಗಲಿಲ್ಲ. ಪಕ್ಕಕ್ಕೆ ಸರಿಯಿರಿ ಎಂದು ಅದರ ಅರ್ಥವೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಉಚ್ಚಾರಣೆಗೆ ಮೆಚ್ಚಿ ಸಾಹೇಬರು ತಲೆದೂಗುತ್ತಿದ್ದಾಗಲೇ ಹಲಗೆ ಬಿತ್ತು.

ಅಕ್ಕ ಬದುಕಿದಳು, ಕಾಲು ಮಾತ್ರ ನೆಟ್ಟಗಾಗಲಿಲ್ಲ. ಆ ಸಂಜೆ ದೊಡ್ಡಮ್ಮ ಕೇಳಿದರು, “ಒಂದೇ ಒಂದ್ಸಲ ನಮ್ಮ ಮಾತಲ್ಲಿ ಕೂಗಬಾರದಿತ್ತೇನ್ರೀ? ಹೆತ್ತ ಮಗಳಲ್ವಾ?”

ದೊಡ್ಡಪ್ಪ ಬಾಗಿಲು ನೋಡಿ, ಪಿಸುದನಿಯಲ್ಲಿ ಅಂದರು: “ಸಾಹೇಬ್ರು ಅಲ್ಲೇ ಇದ್ರು ಕಣೇ.”

ಇಂಥವರನ್ನು ಹೇಡಿಗಳೆಂದು ಜರಿಯುವುದು ಸುಲಭ. ನನಗೆ ಜರಿಯಲು ಬಾಯಿ ಬರುವುದಿಲ್ಲ, ಭಯವಾಗುತ್ತದೆ. ಅವರು ನಮಗೆ ಎಷ್ಟು ಇಂಗ್ಲಿಷ್ ಕಲಿಸಿದರೋ ಕಾಣೆ. ಅಂಜಿಕೆಯನ್ನು ಮಾತ್ರ ಒಂದಕ್ಷರ ಬಿಡದೆ ಕಲಿಸಿದರು. ಮೊನ್ನೆ ಮೊಮ್ಮಗು ಮೆಟ್ಟಿಲಂಚಿನಲ್ಲಿ ವಾಲಿ ನಿಂತಿತ್ತು. ಕೂಗುವ ಮೊದಲು ನನ್ನ ಕಣ್ಣು ತಾನಾಗಿಯೇ ಬಾಗಿಲಿಗೆ ಹೋಯಿತು. ದೊರೆಗಳು ಹೋಗಿ ಎಷ್ಟೋ ಕಾಲವಾಯಿತು. ಇಂಥವರ ಮನೆಗಳಲ್ಲಿ ಬಾಗಿಲು ಇನ್ನೂ ಖಾಲಿಯಾಗಿಲ್ಲ.